ಕುದುರೆಯ ಮರ್ಮ, ಲೆಕ್ಕದ ಮರ್ಮ



ಪಾಂಡವಪುರದ ಬಳಿ ಬೇಬಿ ಬೆಟ್ಟದಲ್ಲಿಯೋ ಕೃಷ್ಣರಾಜಪೇಟೆಯ ಹೇಮಗಿರಿಯಲ್ಲಿಯೋ ನಡೆಯುವ ದನಗಳ ಜಾತ್ರೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ ಕಟ್ಟಿದ ಹಳ್ಳಿಕಾರ್ ಹೋರಿಗಳು ಸಾಲಾಗಿ ನಿಂತಿರುತ್ತವೆ. ಕೊಳ್ಳಲು ಬಂದ ರೈತ ಮೊದಲು ಹಲ್ಲು ಹಿಡಿದು ನೋಡುತ್ತಾನೆ. ಆಮೇಲೆ ಗೊರಸು, ನಡಿಗೆ. ಕೊನೆಗೆ ಮೈಮೇಲಿನ ಸುಳಿ. ಬೆಲೆಯ ಮಾತು ಮಾತ್ರ ಬಾಯಲ್ಲಿ ಆಡುವುದಿಲ್ಲ, ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಮುಗಿಯುತ್ತದೆ. ಕೊಟ್ಟವನೂ ಕೊಂಡವನೂ ತಾನೇ ಗೆದ್ದೆನೆಂದು ನಗುತ್ತಾ ಹೊರಡುತ್ತಾರೆ.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಹಲ್ಲು ಹೋರಿಯ ವಯಸ್ಸನ್ನು ಹೇಳುತ್ತದೆ, ಗೊರಸು ಅದರ ನಡೆಯುವ ಶಕ್ತಿಯನ್ನು ಹೇಳುತ್ತದೆ. ಇವೆರಡೂ ತಿಳಿವಳಿಕೆ. ಸುಳಿ ಹೇಳುವುದು ಏನನ್ನು? ಮನೆಗೆ ಅದೃಷ್ಟ ಬರುವುದೆಂಬ ನಮ್ಮ ಆಸೆಯನ್ನು. ಪ್ರಾಣಿಯ ಬೆನ್ನ ಮೇಲೆ ಮನುಷ್ಯ ಹಣ ಹೂಡಿದಾಗಲೆಲ್ಲ ತಿಳಿವಳಿಕೆ ಮತ್ತು ಆಸೆ ಒಂದೇ ನೊಗಕ್ಕೆ ಹೂಡಿದ ಜೋಡಿಯಂತೆ ಬರುತ್ತವೆ. ಅವುಗಳಲ್ಲಿ ಯಾವುದು ಯಾವುದೆಂದು ಬೇರ್ಪಡಿಸುವುದು ಸುಲಭವಲ್ಲ. ಕುದುರೆ ಜೂಜಿನ ಇತಿಹಾಸವನ್ನು ಈ ದೃಷ್ಟಿಯಿಂದ ಸ್ವಲ್ಪ ಪರಿಶೀಲಿಸೋಣ.

ನಮ್ಮ ಈ ಸೀಮೆಗೆ ಕುದುರೆ ಹೊಸದಲ್ಲ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಶ್ರೀರಂಗಪಟ್ಟಣವು ದಕ್ಷಿಣ ಭಾರತದ ದೊಡ್ಡ ಅಶ್ವದಳಗಳಲ್ಲೊಂದರ ನೆಲೆಯಾಗಿತ್ತು. ನಾಗಮಂಗಲದಿಂದ ಉತ್ತರಕ್ಕೆ ಹೋದರೆ ಸಿಗುವ ಕುಣಿಗಲ್ಲಿನಲ್ಲಿ ಸೇನೆಗಾಗಿ ಕುದುರೆಗಳನ್ನು ಸಾಕುತ್ತಿದ್ದರು. ನಾನೂರು ಎಕರೆಗೂ ಮೀರಿದ ಆ ಕುದುರೆ ಫಾರಂ ಮುಂದೆ ಪಂದ್ಯದ ಕುದುರೆಗಳ ತಳಿ ಕೇಂದ್ರವಾಗಿ ಹೆಸರಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ದಂಡು ಕೆಲವು ವರ್ಷ ಇಲ್ಲಿಯೇ ಬೀಡುಬಿಟ್ಟಿತ್ತು. ಇಲ್ಲಿನ ಜ್ವರದ ಕಾಟ ತಾಳಲಾರದೆ 1809ರ ಸುಮಾರಿಗೆ ಅದು ಬೆಂಗಳೂರಿಗೆ ಹೋಯಿತು. ಇಂಗ್ಲಿಷರ ದಂಡು ಹೋದಲ್ಲೆಲ್ಲ ಕುದುರೆ ಪಂದ್ಯವೂ ಹಿಂಬಾಲಿಸುತ್ತಿತ್ತು. ಯುದ್ಧದ ಕುದುರೆ ಹೀಗೆ ಪಂದ್ಯದ ಕುದುರೆಯಾಯಿತು. ಅರಸರ ಆಶ್ರಯದಲ್ಲಿ 1891ರಲ್ಲಿ ಮೈಸೂರು ರೇಸ್ ಕ್ಲಬ್ ಆರಂಭವಾಯಿತು. ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರಿನಷ್ಟು ದೂರದ ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ತಪ್ಪಲಲ್ಲಿ, ಆ ಮೈದಾನವನ್ನು ಇಂದಿಗೂ ಕಾಣಬಹುದು.

ಇನ್ನೊಂದು ಬದಲಾವಣೆಯೂ ಆಯಿತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ ಎದ್ದು ನಿಂತು ನಾಲೆಯಲ್ಲಿ ನೀರು ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂತು. ರಾಗಿ ಬೆಳೆಯುವ ರೈತನ ಕಣಜದಲ್ಲಿ ಕಾಳಿರುತ್ತದೆ, ಕಬ್ಬು ಬೆಳೆಯುವ ರೈತನ ಕೈಗೆ ವರ್ಷಕ್ಕೊಮ್ಮೆ ಇಡಿಗಂಟು ಹಣ ಬರುತ್ತದೆ. ಕಾಳನ್ನು ಯಾರೂ ಕುದುರೆಯ ಮೇಲೆ ಕಟ್ಟುವುದಿಲ್ಲ. ಹಣವನ್ನಾದರೋ ಕಟ್ಟಬಹುದು. ಮಗಳ ಮದುವೆ, ಮಗನ ಕಾಲೇಜು ಫೀಜು, ಸೊಸೈಟಿಯ ಸಾಲ, ಎಲ್ಲವೂ ಆ ಒಂದೇ ಗಂಟಿನಲ್ಲಿರುತ್ತವೆ. ಆದ್ದರಿಂದ ಜೂಜಿನ ಲೆಕ್ಕ ನಮಗೆ ಕೇವಲ ಕುತೂಹಲದ ವಿಷಯವಲ್ಲ, ಮನೆಯ ವಿಷಯ.

ಇನ್ನು ಬಾಜಿ ಕಟ್ಟುವ ವಿಧಾನಗಳನ್ನು ನೋಡಿ. ಒಬ್ಬರು ಮನೆದೇವರ ಹೆಸರನ್ನು ಹೋಲುವ ಕುದುರೆಯನ್ನೇ ಹುಡುಕುತ್ತಾರೆ. ಮತ್ತೊಬ್ಬರಿಗೆ ಬೆಳಿಗ್ಗೆ ಬಸ್ಸಿನಲ್ಲಿ ಸಿಕ್ಕಿದ ಟಿಕೆಟ್ಟಿನ ಕೊನೆಯ ಅಂಕಿಯೇ ದೈವವಾಣಿ. ಜಾಕಿಯ ಅಂಗಿಯ ಬಣ್ಣ ನೋಡುವವರಿದ್ದಾರೆ. ಪಂದ್ಯಕ್ಕೆ ಮುನ್ನ ಲದ್ದಿ ಹಾಕಿದ ಕುದುರೆ ಹಗುರವಾಯಿತೆಂದು ಓಡಿಹೋಗಿ ಹಣ ಕಟ್ಟುವವರೂ ಇದ್ದಾರೆ. ಇವೆಲ್ಲ ನಗು ತರಿಸುತ್ತವೆ. ಆದರೆ ಬೇಬಿ ಬೆಟ್ಟದ ಸುಳಿಯನ್ನು ನೆನೆಸಿಕೊಂಡರೆ ಇವರು ನಮ್ಮವರೇ ಎಂದು ತಿಳಿಯುತ್ತದೆ.

ನಗು ತರಿಸದ, ಶಾಸ್ತ್ರದಂತೆ ಕಾಣುವ ವಿಧಾನಗಳು ಇನ್ನೂ ಅಪಾಯಕರ. ‘ಸೋತರೆ ದುಪ್ಪಟ್ಟು ಕಟ್ಟು’ ಎಂಬ ಸೂತ್ರ ಅಂಥದು. ಗೆದ್ದರೆ ಕಟ್ಟಿದಷ್ಟೇ ಲಾಭ ಬರುವ ಪಂದ್ಯವೆಂದು ಭಾವಿಸಿ. 10 ರೂಪಾಯಿ ಸೋತರೆ 20, ಅದೂ ಸೋತರೆ 40, ಎಂದಾದರೂ ಒಮ್ಮೆ ಗೆಲ್ಲಲೇಬೇಕಲ್ಲ! ನೀವೇ ಲೆಕ್ಕ ಮಾಡಿ. ಹತ್ತು ಸಲ ಸತತವಾಗಿ ಸೋತರೆ ಕಳೆದುಕೊಂಡ ಹಣ 10,230 ರೂಪಾಯಿ. ಹನ್ನೊಂದನೆಯ ಸಲ ಕಟ್ಟಬೇಕಾದದ್ದು 10,240. ಅದರಲ್ಲಿ ಗೆದ್ದರೂ ಕೊನೆಗೆ ಉಳಿಯುವ ಲಾಭ ಕೇವಲ 10 ರೂಪಾಯಿ! ಹತ್ತು ರೂಪಾಯಿಯ ಆಸೆಗೆ ಇಪ್ಪತ್ತು ಸಾವಿರವನ್ನು ಪಣಕ್ಕಿಟ್ಟಂತಾಯಿತು.

ಇನ್ನು ‘ಖಚಿತ ಟಿಪ್’ ಕೊಡುವವನ ಚಾತುರ್ಯ. ಎಂಟು ಕುದುರೆಗಳ ಪಂದ್ಯ. ಒಬ್ಬ 512 ಜನರನ್ನು ಎಂಟು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಕುದುರೆಯ ಹೆಸರು ಹೇಳುತ್ತಾನೆ. ಯಾವುದು ಗೆದ್ದರೂ 64 ಜನರಿಗೆ ಅವನ ಮಾತು ನಿಜವಾಗುತ್ತದೆ. ಆ 64 ಜನರಿಗೆ ಎರಡನೆಯ ಪಂದ್ಯದಲ್ಲಿ ಹೀಗೆಯೇ ಮಾಡಿದರೆ ಎಂಟು ಜನ ಉಳಿಯುತ್ತಾರೆ, ಮೂರನೆಯದರಲ್ಲಿ ಒಬ್ಬ. ಆ ಒಬ್ಬನ ಪಾಲಿಗೆ ಇವನು ಸತತ ಮೂರು ಪಂದ್ಯಗಳ ಫಲವನ್ನು ಮೊದಲೇ ಹೇಳಿದ ತ್ರಿಕಾಲಜ್ಞಾನಿ! ನಾಲ್ಕನೆಯ ಟಿಪ್ಪಿಗೆ ಅವನು ಎಷ್ಟು ಹಣ ಬೇಕಾದರೂ ಕೊಡುತ್ತಾನೆ. ತಪ್ಪಾಗಿ ಕೇಳಿದ ಉಳಿದ 511 ಜನ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಇದಕ್ಕೆಲ್ಲ ಯಂತ್ರದ ಲೆಕ್ಕವೊಂದು ಆಧಾರವಾಗಿದೆ. 1860ರ ದಶಕದಲ್ಲಿ ಪ್ಯಾರಿಸ್ಸಿನ ಜೋಸೆಫ್ ಓಲರ್ ಎಂಬಾತ ಎಲ್ಲರ ಬಾಜಿಯನ್ನೂ ಒಂದೇ ರಾಶಿಗೆ ಸೇರಿಸಿ, ಗೆದ್ದವರಿಗೆ ಹಂಚುವ ಪದ್ಧತಿಯನ್ನು ತಂದನು. ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರ್ ಮತ ಎಣಿಸುವ ಯಂತ್ರವನ್ನು ಯೋಚಿಸಿದ್ದನು. ಸರ್ಕಾರಕ್ಕೆ ಅದು ಬೇಡವಾದಾಗ ಅದನ್ನೇ ಬಾಜಿ ಎಣಿಸುವ ಯಂತ್ರವಾಗಿ ಮಾರ್ಪಡಿಸಿದನು. 1913ರಲ್ಲಿ ನ್ಯೂಜಿಲೆಂಡಿನ ಎಲ್ಲರ್ಸ್ಲಿ ಮೈದಾನದಲ್ಲಿ ಅದು ಕೆಲಸ ಆರಂಭಿಸಿತು. ಇದನ್ನೇ ನಮ್ಮವರು ‘ಟೋಟ್’ ಎನ್ನುವುದು.

ಅದರ ಲೆಕ್ಕ ಸರಳ. ಹತ್ತು ರೂಪಾಯಿಯ ಸಾವಿರ ಟಿಕೆಟ್ಟು ಮಾರಿದರೆ ರಾಶಿ 10,000 ರೂಪಾಯಿ. ಖರ್ಚು, ಕಮಿಷನ್ನು ಎಂದು ನೂರಕ್ಕೆ 20 ಕಳೆಯಿತೆಂದು ಭಾವಿಸೋಣ. ಉಳಿದದ್ದು 8,000. ಗೆದ್ದ ಕುದುರೆಯ ಮೇಲೆ 400 ಟಿಕೆಟ್ಟುಗಳಿದ್ದರೆ ಒಂದಕ್ಕೆ 20 ರೂಪಾಯಿ, 20 ಟಿಕೆಟ್ಟುಗಳಿದ್ದರೆ ಒಂದಕ್ಕೆ 400. ಅಂದರೆ ನೀವು ಸೆಣಸುವುದು ಕುದುರೆಗಳೊಡನಲ್ಲ, ಪಕ್ಕದಲ್ಲಿ ನಿಂತ ಇತರ ಜೂಜುಗಾರರೊಡನೆ. ಎಲ್ಲರೂ ಸೇರಿ ಕಟ್ಟಿದ 100 ರೂಪಾಯಿ ಒಂದು ಪಂದ್ಯದ ನಂತರ 80, ಅದನ್ನೇ ಮತ್ತೆ ಕಟ್ಟಿದರೆ 64, ಐದು ಪಂದ್ಯ ಮುಗಿಯುವಾಗ ಸುಮಾರು 33. ಇದರ ಮೇಲೆ ಸರ್ಕಾರದ ತೆರಿಗೆ ಬೇರೆ. 2017ರಲ್ಲಿ ಶೇಕಡಾ 28ರಷ್ಟಿದ್ದ ಜಿ.ಎಸ್.ಟಿ. 2025ರಲ್ಲಿ ಶೇಕಡಾ 40 ಆಯಿತು. ಯಾರೋ ಒಬ್ಬ ಗೆದ್ದು ಊರಿಗೆಲ್ಲ ಹೇಳುತ್ತಾನೆ, ಸೋತವರು ಸುಮ್ಮನೆ ಬಸ್ಸು ಹತ್ತುತ್ತಾರೆ. ಆದ್ದರಿಂದಲೇ ನಮ್ಮ ಕಿವಿಗೆ ಗೆಲುವಿನ ಕಥೆಗಳಷ್ಟೇ ಬೀಳುತ್ತವೆ.

‘ಹಾಗಾದರೆ ಕುದುರೆಯ ಬಗ್ಗೆ ಚೆನ್ನಾಗಿ ತಿಳಿದವನು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 1996ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೇ ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪು ನೀಡಿತು. ಕುದುರೆಯ ವಂಶ, ತರಬೇತಿ, ಜಾಕಿಯ ನೈಪುಣ್ಯ ಇವೆಲ್ಲ ಫಲವನ್ನು ನಿರ್ಧರಿಸುತ್ತವೆ ಎಂಬುದು ನಿಜ. 1769ರಲ್ಲಿ ಇಂಗ್ಲೆಂಡಿನ ಎಪ್ಸಮ್ಮಿನಲ್ಲಿ ಎಕ್ಲಿಪ್ಸ್ ಎಂಬ ಕುದುರೆ ಮೊದಲ ಸುತ್ತು ಗೆದ್ದಾಗ ಡೆನಿಸ್ ಓಕೆಲಿ ಎಂಬಾತ ಎರಡನೆಯ ಸುತ್ತಿನಲ್ಲಿ ಎಲ್ಲ ಕುದುರೆಗಳ ಸ್ಥಾನವನ್ನೂ ಹೇಳುವೆನೆಂದು ಬಾಜಿ ಕಟ್ಟಿದನಂತೆ. ಎಕ್ಲಿಪ್ಸ್ ಮೊದಲು, ಉಳಿದವು ಎಲ್ಲಿಯೂ ಇಲ್ಲ ಎಂಬುದೇ ಅವನ ಉತ್ತರ! ಬಹಳ ಹಿಂದೆ ಬಿದ್ದ ಕುದುರೆಗಳಿಗೆ ಸ್ಥಾನವನ್ನೇ ಕೊಡುತ್ತಿರಲಿಲ್ಲ ಎಂಬ ನಿಯಮವನ್ನು ಬಳಸಿಕೊಂಡು ಅವನು ಗೆದ್ದನು. ಇದು ಕುದುರೆಯನ್ನೂ ನಿಯಮವನ್ನೂ ಬಲ್ಲವನ ಬಾಜಿ. ಆದರೆ ಟೋಟಿನ ಮುಂದೆ ನಿಂತಾಗ ಕುದುರೆ ಬಲ್ಲವರು ನೂರಾರು ಜನ. ಎಲ್ಲರಿಗೂ ತಿಳಿದದ್ದು ಯಾರಿಗೂ ಲಾಭ ತರುವುದಿಲ್ಲ.

ಮಾಲೀಕರ ಆಶಾವಾದವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಮೆರಿಕದಲ್ಲಿ 1983ರಲ್ಲಿ ಸ್ನಾಫಿ ಡ್ಯಾನ್ಸರ್ ಎಂಬ ಮರಿಯನ್ನು ಒಂದು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡರು. ಅದು ಒಂದು ಪಂದ್ಯದಲ್ಲೂ ಓಡಲಿಲ್ಲ. 2006ರಲ್ಲಿ ದಿ ಗ್ರೀನ್ ಮಂಕಿ ಎಂಬುದು 1 ಕೋಟಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಮೂರು ಪಂದ್ಯ ಓಡಿ ಒಂದನ್ನೂ ಗೆಲ್ಲಲಿಲ್ಲ. ಆದರೆ 1975ರಲ್ಲಿ ಕೇವಲ 17,500 ಡಾಲರಿಗೆ ಕೊಂಡ ಸಿಯಾಟಲ್ ಸ್ಲೂ 1977ರಲ್ಲಿ ಅಲ್ಲಿನ ಮೂರೂ ಮಹಾ ಪಂದ್ಯಗಳನ್ನು ಗೆದ್ದುಕೊಂಡಿತು. ಕೋಟಿಗಟ್ಟಲೆ ಕೊಟ್ಟು ಕೊಂಡವರು ತಜ್ಞರನ್ನು ಇಟ್ಟುಕೊಂಡವರೇ. ತಮಾಷೆಯೆಂದರೆ, ಮಾಲೀಕರೆಲ್ಲ ನೆನಪಿಡುವುದು ಸಿಯಾಟಲ್ ಸ್ಲೂವನ್ನು ಮಾತ್ರ. ಆ ನೆನಪೇ ಲಾಯಗಳನ್ನು ನಡೆಸುವ ಮೇವು. ಅವರ ಪ್ರೀತಿಯನ್ನು ಹಾಸ್ಯ ಮಾಡಬೇಕಾಗಿಲ್ಲ. ಹೋರಿ ಸಾಕುವ ನಿಮ್ಮ ತಾತನಿಗೂ ಅದೇ ಪ್ರೀತಿ. ಪ್ರೀತಿಗೆ ಮಾಡಿದ ಖರ್ಚನ್ನು ಲಾಭಕ್ಕೆ ಹೂಡಿದ ಬಂಡವಾಳವೆಂದು ತಿಳಿಯುವುದಷ್ಟೇ ತಪ್ಪು.

ಪಾಂಡವಪುರವೆಂಬ ಹೆಸರಿನ ಊರಿರುವ ಸೀಮೆಯಲ್ಲಿ ಜೂಜಿನ ಮಾತು ಧರ್ಮರಾಯನನ್ನು ಬಿಟ್ಟು ಮುಗಿಯುವುದುಂಟೆ? ಎಲ್ಲವನ್ನೂ ಸೋತು ಕಾಡಿನಲ್ಲಿದ್ದ ಅವನಿಗೆ ಬೃಹದಶ್ವನೆಂಬ ಋಷಿ ನಳನ ಕಥೆಯನ್ನು ಹೇಳುತ್ತಾನೆ. ಕನ್ನಡದಲ್ಲಿ ಕನಕದಾಸರ ‘ನಳಚರಿತ್ರೆ’ಯಿಂದ ನಮಗೆ ಪರಿಚಿತವಾದ ಕಥೆ ಅದು. ನಳನಿಗೆ ಅಶ್ವಹೃದಯ ಗೊತ್ತಿತ್ತು, ಅಂದರೆ ಕುದುರೆಗಳ ಮರ್ಮ. ಆದರೂ ಪಗಡೆಯಲ್ಲಿ ರಾಜ್ಯವನ್ನು ಕಳೆದುಕೊಂಡನು. ಮುಂದೆ ಬಾಹುಕನೆಂಬ ಸಾರಥಿಯಾಗಿ ಋತುಪರ್ಣ ರಾಜನ ರಥ ಓಡಿಸುತ್ತಿರುವಾಗ ದಾರಿಯಲ್ಲೊಂದು ತಾರೆಯ ಮರ ಸಿಕ್ಕಿತು. ಆ ಮರದ ಕಾಯಿಗಳೇ ಅಂದಿನ ಜೂಜಿನ ದಾಳಗಳು. ಎರಡು ಕೊಂಬೆಗಳಲ್ಲಿ 2,095 ಕಾಯಿಗಳಿವೆಯೆಂದು ಋತುಪರ್ಣ ಒಂದೇ ನೋಟದಲ್ಲಿ ಹೇಳಿದನು. ನಳ ನಂಬಲಿಲ್ಲ. ರಥ ನಿಲ್ಲಿಸಿ, ಇಳಿದು, ಎಣಿಸಿದನು. ಲೆಕ್ಕ ಸರಿಯಾಗಿತ್ತು. ಆಗ ಇಬ್ಬರೂ ತಮ್ಮ ವಿದ್ಯೆಗಳನ್ನು ಬದಲಾಯಿಸಿಕೊಂಡರು. ಋತುಪರ್ಣನಿಗೆ ಅಶ್ವಹೃದಯ, ನಳನಿಗೆ ಅಕ್ಷಹೃದಯ, ಅಂದರೆ ದಾಳದ ಮತ್ತು ಎಣಿಕೆಯ ಮರ್ಮ. ಆ ಕ್ಷಣದಲ್ಲೇ ಕಲಿ ಅವನ ಮೈಬಿಟ್ಟು ಹೋದನು.

ಎಷ್ಟು ಅರ್ಥವತ್ತಾದ ಕಥೆ ನೋಡಿ! ಕುದುರೆ ಬಲ್ಲವನನ್ನು ಕುದುರೆಯ ವಿದ್ಯೆ ಕಾಪಾಡಲಿಲ್ಲ, ಎಣಿಕೆಯ ವಿದ್ಯೆ ಕಾಪಾಡಿತು. ಇಂದು ಜೂಜು ಮೈದಾನ ಬಿಟ್ಟು ಮೊಬೈಲ್ ಫೋನಿನೊಳಕ್ಕೆ ಬಂದಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ. ಆದರೆ ಕಾಯ್ದೆ ಬಾಗಿಲನ್ನು ಕಾಯಬಹುದು, ಮನಸ್ಸನ್ನು ಕಾಯಬೇಕಾದವರು ನಾವೇ.

ಕೊನೆಗೊಂದು ಸಣ್ಣ ಅಭ್ಯಾಸ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಪೈಸೆಯನ್ನೂ ಕಟ್ಟದೆ, ಮುಂದೆ ನಡೆಯುವ 50 ಪಂದ್ಯಗಳ ಫಲವನ್ನು ಮೊದಲೇ ಊಹಿಸಿ ಬರೆಯಿರಿ. ಕ್ರಿಕೆಟ್ ಆಗಬಹುದು, ಜೋಡೆತ್ತಿನ ಗಾಡಿ ಓಟವಾಗಬಹುದು. ಸರಿಯಾದದ್ದನ್ನೂ ತಪ್ಪಾದದ್ದನ್ನೂ ಬಿಡದೆ ಗುರುತು ಮಾಡಿ, ಐವತ್ತನೆಯ ದಿನ ಕೂಡಿ ನೋಡಿ. ನಿಮ್ಮ ಮನಸ್ಸಿನಲ್ಲಿ ಉಳಿದಿದ್ದ ಲೆಕ್ಕಕ್ಕೂ ಪುಟದ ಮೇಲಿನ ಲೆಕ್ಕಕ್ಕೂ ಇರುವ ಅಂತರವನ್ನು ಅಳೆಯಿರಿ. ಕಬ್ಬಿನ ಹಣ ಮನೆಗೆ ಬಂದ ದಿನ ಯಾರಾದರೂ ‘ಖಚಿತ ಕುದುರೆ’ಯ ಮಾತು ತೆಗೆದರೆ ಆ ಪುಟವನ್ನು ತೆರೆದು ತೋರಿಸಿ. ನಳನು ಮಾಡಿದ್ದೂ ಅಷ್ಟೇ ಅಲ್ಲವೆ? ರಥದಿಂದ ಇಳಿದನು, ಎಣಿಸಿದನು.