ಹದಿನೈದು ನಿಮಿಷದ ಕ್ಲಾಸು

ಮನೆಯಲ್ಲೇ ಕೂತು ಕ್ಲಾಸು ಕೇಳೋದು ಕೊರೋನಾ ಕಾಲದಲ್ಲಿ ಶುರುವಾಯ್ತು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. 1937ರ ಶಿಕಾಗೋದ ಕತೆ ಕೇಳಿ.

ಆ ವರ್ಷ ಬೇಸಿಗೆ ರಜೆ ಮುಗಿಯೋ ಹೊತ್ತಿಗೆ ಊರಲ್ಲಿ ಪೋಲಿಯೊ ಹಬ್ಬಿತ್ತು. ರಾತ್ರಿ ಜ್ವರ ಅಂತ ಮಲಗಿದ ಮಗು ಮತ್ತೆ ಕಾಲೂರಿ ನಿಲ್ಲದೇ ಹೋಗಬಹುದಾದ ಕಾಯಿಲೆ. ಲಸಿಕೆ ಬರೋಕೆ ಇನ್ನೂ ಹದಿನೆಂಟು ವರ್ಷ ಬಾಕಿ. ಶಾಲೆ ತೆರೆಯೋದನ್ನ ಮುಂದೂಡಿ ಅಂತ ಆರೋಗ್ಯ ಮಂಡಳಿ ಹೇಳಿಬಿಟ್ಟಿತು. ಲಕ್ಷಗಟ್ಟಲೆ ಮಕ್ಕಳು ಮನೆಯಲ್ಲಿ.

ಶಾಲೆಗಳ ಸೂಪರಿಂಟೆಂಡೆಂಟ್ ವಿಲಿಯಂ ಜಾನ್ಸನ್. ನಮ್ಮ ಡಿಡಿಪಿಐ ಥರ ಅಂದ್ಕೊಳ್ಳಿ, ಆದರೆ ಇಡೀ ಮಹಾನಗರಕ್ಕೆ ಒಬ್ಬರೇ. ಆರು ರೇಡಿಯೋ ಸ್ಟೇಷನ್ನುಗಳು ಪುಕ್ಕಟೆಯಾಗಿ ಸಮಯ ಕೊಟ್ಟವು. ಸೆಪ್ಟೆಂಬರ್ 13ರಂದು 3ರಿಂದ 8ನೇ ತರಗತಿವರೆಗಿನ ಸುಮಾರು 3,15,000 ಮಕ್ಕಳಿಗೆ ರೇಡಿಯೋದಲ್ಲಿ ಪಾಠ ಶುರು. ಸೋಮ, ಬುಧ, ಶುಕ್ರ ಸಮಾಜ ಮತ್ತು ವಿಜ್ಞಾನ. ಮಂಗಳ, ಗುರು, ಶನಿ ಇಂಗ್ಲಿಷು ಮತ್ತು ಗಣಿತ. ಒಂದೊಂದು ಪಾಠಕ್ಕೆ ಹದಿನೈದು ನಿಮಿಷ. ಟೈಮ್‌ಟೇಬಲ್ಲು, ಪ್ರಶ್ನೆ, ಹೋಮ್‌ವರ್ಕು ಎಲ್ಲ ದಿನಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಪಾಠ ಹೇಳುವವರ ಉಚ್ಚಾರ, ವೇಗ, ಪದ ಬಳಕೆ ಹೇಗಿದೆ ಅಂತ ಕೇಳಿ ತಿದ್ದೋಕೆ ಪ್ರಿನ್ಸಿಪಾಲರನ್ನೇ ಕೂರಿಸಿದ್ದರು.

ಇದನ್ನ ಮಾಡಿದ್ದು ಎಂಥಾ ಶಿಕ್ಷಕ ವರ್ಗ ಅನ್ನೋದನ್ನ ಇಲ್ಲಿ ಹೇಳಲೇಬೇಕು. ನಾಲ್ಕೇ ವರ್ಷದ ಹಿಂದೆ, ಆರ್ಥಿಕ ಕುಸಿತದ ನಡುವೆ, ಶಿಕಾಗೋದ ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ. 1933ರ ಏಪ್ರಿಲ್‌ನಲ್ಲಿ ಸಾವಿರಾರು ಜನ ಬ್ಯಾಂಕುಗಳಿಗೇ ನುಗ್ಗಿ ಗಲಾಟೆ ಮಾಡಿದ್ದರು. ಅದೇ ಬೇಸಿಗೆಯಲ್ಲಿ ಶಾಲಾ ಮಂಡಳಿ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನ ಮನೆಗೆ ಕಳಿಸಿತ್ತು. ಈಗ ಕೆಲವೇ ದಿನಗಳಲ್ಲಿ ಪಾಠ ಬರೆದುಕೊಂಡು, ಮೈಕಿನ ಮುಂದೆ ಕೂರೋ ಸರದಿ ಅವರದ್ದು. ಸಾಂಕ್ರಾಮಿಕ ಬಂದಾಗ ವ್ಯವಸ್ಥೆ ನಿಭಾಯಿಸಿತು ಅಂತ ಬರೆಯೋದು ಸುಲಭ. ನಿಭಾಯಿಸಿದ್ದು ಆ ವ್ಯವಸ್ಥೆಯ ಕೈಯಲ್ಲೇ ಪೆಟ್ಟು ತಿಂದವರು.

ನನಗೆ ಇಷ್ಟವಾದ ವಿಷಯ ರೇಡಿಯೋ ಅಲ್ಲ, ಟೆಲಿಫೋನು. ಪೋಷಕರ ಪ್ರಶ್ನೆ, ದೂರುಗಳಿಗೆ ಅಂತ ಕೇಂದ್ರ ಕಚೇರಿಯಲ್ಲಿ 16 ಶಿಕ್ಷಕರನ್ನ ಫೋನಿನ ಮುಂದೆ ಕೂರಿಸಿದ್ದರು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆ! ಇನ್ನೂ ಐದು ಜನರನ್ನ ಸೇರಿಸಬೇಕಾಯ್ತು. ಸ್ಟೇಷನ್ ಸರಿಯಾಗಿ ಸಿಗ್ತಿಲ್ಲ, ಪಾಠ ಓಡ್ತಾ ಇದೆ, ಅರ್ಥ ಆಗದಿದ್ದರೆ ಯಾರನ್ನ ಕೇಳೋದು? ಜೂಮ್‌ನಲ್ಲಿ ಕೈ ಎತ್ತೋ ಬಟನ್ನಾದರೂ ಇತ್ತು. ರೇಡಿಯೋಗೆ ಕೈ ಎತ್ತಿ ಏನು ಪ್ರಯೋಜನ?

ಆದರೆ ಆ ಸಾವಿರ ಕರೆಗಳಲ್ಲಿ ಒಂದು ಮೋಸ ಇದೆ ಅನ್ಸುತ್ತೆ. ರೇಡಿಯೋ ಕೊಳ್ಳೋಕೆ ಆಗದ ಮನೆಯಲ್ಲಿ ಫೋನ್ ಎಲ್ಲಿಂದ ಬರಬೇಕು? ಪಾಠ ಮುಟ್ಟದ ಮನೆಯ ದೂರೂ ಕಚೇರಿಗೆ ಮುಟ್ಟೋದು ಕಷ್ಟ. 2020ರಲ್ಲಿ ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ಚಂದನ ಟಿವಿಯಲ್ಲಿ ಪಾಠ ಬಂದಾಗಲೂ ಇದೇ ತೊಡಕು. ಅದಕ್ಕೇ 'ವಿದ್ಯಾಗಮ' ಅಂತ ಮೇಷ್ಟ್ರುಗಳೇ ಹಳ್ಳಿಯ ಗುಡಿ, ಜಗಲಿ, ಮರದ ನೆರಳು ಹುಡುಕಿಕೊಂಡು ಹೋದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯ್ತು. ಶಿಕಾಗೋದಲ್ಲಿ ಈ ಮಕ್ಕಳಿಗೆ ಸಿಕ್ಕ ಭರವಸೆ ಇಷ್ಟೇ: ಶಾಲೆ ತೆರೆದ ಮೇಲೆ ಎಲ್ಲರಿಗೂ ಪರೀಕ್ಷೆ, ರೇಡಿಯೋ ಕೇಳದವರಿಗೆ ಬಿಟ್ಟುಹೋದ ಪಾಠ ಮತ್ತೆ.

ಸೆಪ್ಟೆಂಬರ್ ಮುಗಿಯೋದರೊಳಗೆ ಮಕ್ಕಳು ಬೆಂಚಿಗೆ ವಾಪಸ್. ಜಾನ್ಸನ್ ಮುಂದೆ ಶಿಕ್ಷಕರ ನೇಮಕಾತಿ, ಬಡ್ತಿಯ ವಿವಾದಗಳಲ್ಲಿ ಸಿಕ್ಕಿ 1946ರಲ್ಲಿ ಕುರ್ಚಿ ಬಿಟ್ಟರು.

ರೇಡಿಯೋ ಪಾಠದ ಹುಚ್ಚು ಮಾತ್ರ ಶಾಲಾ ಮಂಡಳಿಯನ್ನ ಬಿಡಲಿಲ್ಲ. 1943ರಲ್ಲಿ ಅದು ತನ್ನದೇ ಎಫ್‌ಎಂ ಸ್ಟೇಷನ್ ಶುರುಮಾಡಿತು, ಹೆಸರು ಡಬ್ಲ್ಯೂಬಿಇಝಡ್. ಮೆಟ್ರೋದಲ್ಲಿ ಇಯರ್‌ಫೋನ್ ಹಾಕಿಕೊಂಡು ನೀವು 'ದಿಸ್ ಅಮೆರಿಕನ್ ಲೈಫ್' ಕೇಳಿರಬಹುದು. 1995ರಲ್ಲಿ ಅದು ಹುಟ್ಟಿದ್ದು ಇದೇ ಸ್ಟೇಷನ್ನಿನಲ್ಲಿ.