ನೆಲವನ್ನು ಅಳೆದವರ ದೃಷ್ಟಿ

ಬಸವನ ಬಾಗೇವಾಡಿ ಸೀಮೆಯ ಮಸೂತಿಯಲ್ಲಿ ಒಂದು ಎರೆಹೊಲವಿದೆಯೆಂದು ಭಾವಿಸೋಣ. ಆ ಹೊಲದ ಬೆಲೆಯೇನು? ಕೇಳುವವನು ನೆಲವೆಂದರೆ ಏನೆಂದು ತಿಳಿದಿರುವನೋ ಅದಕ್ಕೆ ತಕ್ಕಂತೆಯೇ ಉತ್ತರವೂ ಹೊರಡುವುದು. 1818ರಲ್ಲಿ ಪೇಶವೆಯರ ಆಳ್ವಿಕೆ ಮುಗಿದ ಮೇಲೆ ಮುಂಬಯಿ ಸರ್ಕಾರಕ್ಕೆ ಇದೇ ಪ್ರಶ್ನೆ ಎದುರಾಯಿತು.

ಮೊದಲು ಉತ್ತರಿಸಹೊರಟವರು ಪ್ರಿಂಗಲ್ ಎಂಬ ಅಧಿಕಾರಿಗಳು. ಮಾಲ್ಥಸ್ ಪಂಡಿತರು ಪಾಠ ಹೇಳುತ್ತಿದ್ದ ಹೈಲಿಬರಿ ಕಾಲೇಜಿನಲ್ಲಿ ಕಲಿತವರು. ಗೇಣಿಯನ್ನು ಕುರಿತ ರಿಕಾರ್ಡೋ ಸಿದ್ಧಾಂತದಲ್ಲಿ ಪೂರ್ಣ ಶ್ರದ್ಧೆಯುಳ್ಳವರು. ಸಿದ್ಧಾಂತ ಮೊದಲು, ಹೊಲ ಅನಂತರ. ಉತ್ಪನ್ನದಲ್ಲಿ ಸಾಗುವಳಿಯ ವೆಚ್ಚ ಕಳೆದು, ಉಳಿದ ನಿವ್ವಳದಲ್ಲಿ ನೂರಕ್ಕೆ 55 ಪಾಲು ಸರ್ಕಾರಕ್ಕೆ ಎಂದು ಗೊತ್ತುಮಾಡಿದರು. ಗಣಿತದಲ್ಲಿ ದೋಷವಿರಲಿಲ್ಲ. ಆದರೆ ಬಿತ್ತನೆ, ಎತ್ತು, ಕೂಲಿ, ಬೆಳೆ ಇವುಗಳ ಲೆಕ್ಕ ಬರೆದುಕೊಟ್ಟವರು ಕೆಳಗಿನ ನೌಕರರು. ಅಲ್ಲಿ ಲಂಚವೂ ಊಹೆಯೂ ಸೇರಿದವು. ಕಂದಾಯ ತಾಳಲಾರದೆ ರೈತರು ಭೂಮಿ ಬಿಟ್ಟರು.

1835ರಲ್ಲಿ ಪುಣೆಯ ಕಡೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅವರು ಬೇರೆ ದಾರಿ ಹಿಡಿದರು. ನಿವ್ವಳ ಉತ್ಪನ್ನ ಕಣ್ಣಿಗೆ ಕಾಣುವ ವಸ್ತುವಲ್ಲ, ಮಣ್ಣು ಕಾಣುತ್ತದೆ. ಆದುದರಿಂದ ಅಗೆದು ನೋಡಿದರು. ಒಂದೂಮುಕ್ಕಾಲು ಮೊಳ ಆಳದ ಒಳ್ಳೆಯ ಕರಿಮಣ್ಣಿಗೆ ಹದಿನಾರಾಣೆ. ಆಳ ತಗ್ಗಿದಂತೆ, ಸುಣ್ಣಕಲ್ಲು, ಮರಳು, ಇಳಿಜಾರು ಸೇರಿದಂತೆ ತರಗತಿ ಇಳಿಯಿತು. ಹೊಲದ ನಕ್ಷೆಯನ್ನು ಚೌಕಗಳಾಗಿ ಭಾಗಿಸಿ, ಒಂದೊಂದು ಚೌಕದಲ್ಲಿ ಆಳವನ್ನೂ ದೋಷವನ್ನೂ ಗುರುತಿಸುತ್ತಿದ್ದರು. ಸಾಮಾನ್ಯನೂ ಪರೀಕ್ಷಿಸಬಹುದಾದ ಈ ಸಾಕ್ಷ್ಯವೇ ಆ ಪದ್ಧತಿಯ ಬಲವೆಂದು ನನ್ನ ಅಭಿಪ್ರಾಯ. ದರವನ್ನು ಮಾತ್ರ ಹಿಂದಿನ ವಸೂಲಿಯನ್ನೂ ಪೇಟೆಯ ದೂರವನ್ನೂ ನೋಡಿ ಅನುಭವದಿಂದ ನಿಶ್ಚಯಿಸಿದರು, ಅದನ್ನು ಶಾಸ್ತ್ರವೆನ್ನಲಾಗದು. 1847ರ ಜಂಟಿ ವರದಿಯಲ್ಲಿ ಈ ಕ್ರಮ ಸ್ಥಿರವಾಯಿತು. ಮೈಸೂರು ಸೀಮೆಯೂ 1863ರಿಂದ ಇದನ್ನೇ ಅಂಗೀಕರಿಸಿತು. ನಾವು ಇಂದಿಗೂ ನಾಲ್ವತ್ತು ಗುಂಟೆಗೆ ಎಕರೆಯೆಂದು ಎಣಿಸುವುದು ಆ ಮೋಜಣಿಯ ಲೆಕ್ಕವೇ.

ಆದರೆ ಮಸೂತಿಯ ಕಡೆಯ ಎರೆನೆಲಕ್ಕೆ ಆಳವೊಂದೇ ಸಾಲದು, ಮಳೆ ಬೇಕು. ಡೋಣಿಯ ದಡದ ಬಿಳಿಜೋಳದ ಕೀರ್ತಿಯೆಲ್ಲ ಆ ಮಳೆಯನ್ನೇ ನಂಬಿದ್ದಿತು. 1876–77ರ ಬರದಲ್ಲಿ ಹದಿನಾರಾಣೆಯ ಹೊಲವೂ ಬರಿದಾಯಿತು. ಅಂದಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1872ರಿಂದ 1881ರೊಳಗೆ ಐದರಲ್ಲೊಂದು ಪಾಲಿನಷ್ಟು ಇಳಿಯಿತು. ಹೊಲದ ನಕ್ಷೆಯಲ್ಲಿ ಸಾಲಕ್ಕೂ ಚೌಕವಿರಲಿಲ್ಲ. ವಿಂಗೇಟರು ಇದನ್ನು ಕಾಣದವರಲ್ಲ. ಸಾಹುಕಾರರ ಹಿಡಿತವನ್ನು ಕುರಿತು 1852ರಲ್ಲಿಯೇ ಸರ್ಕಾರವನ್ನು ಎಚ್ಚರಿಸಿದ್ದರು.

ಮಣ್ಣನ್ನು ಬಿಟ್ಟು ಮನೆಯನ್ನು ಕೇಳಿದವರು ಹೆರಾಲ್ಡ್ ಮ್ಯಾನ್. 1917ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಪುಣೆಯ ಬಳಿಯ ಒಂದೇ ಹಳ್ಳಿಯ ಕುಟುಂಬಗಳ ಭೂಮಿ, ಆದಾಯ, ಸಾಲಗಳ ಲೆಕ್ಕವಿದೆ. ಅಲ್ಲಿ ಹೊಲ ಎಷ್ಟು ಆಣೆಯದೆಂಬುದಕ್ಕಿಂತ, ಅದು ಎಷ್ಟು ತುಂಡಾಗಿದೆ, ಅದರಿಂದ ಒಂದು ಸಂಸಾರ ವರ್ಷವಿಡೀ ಉಣ್ಣಬಲ್ಲುದೆ ಎಂಬುದೇ ವಿಚಾರ.