ಮದ್ದಳೆಗಾರನ ಹೆಂಡತಿ: ಕಾಮಲತೆ, ಮಾಯೆ ಮತ್ತು ಜೀವನಾಧಾರಿತ ಸಿನಿಮಾ

ಟಿ.ಎಸ್. ನಾಗಾಭರಣರ ‘ಅಲ್ಲಮ’ (2017) ಚಿತ್ರವನ್ನು ನಾವು ಶರಣನೊಬ್ಬನ ಚರಿತ್ರೆಯೆಂದೇ ನೋಡುತ್ತ ಬಂದಿದ್ದೇವೆ. ಆದರೆ ಅಲ್ಲಮನ ಕಥೆಯ ಬೇರು ಇರುವುದು ಒಬ್ಬ ವಾದ್ಯಗಾರನ ಪ್ರೇಮದಲ್ಲಿ, ಆ ಪ್ರೇಮ ಕೈಗೂಡಿಯೂ ಉಳಿಯದೆ ಹೋದದ್ದರಲ್ಲಿ. ಬಳ್ಳಿಗಾವೆಯ ಗುಡಿಯ ಮದ್ದಳೆಗಾರ ಕಲ್ಯಾಣದ ಶೂನ್ಯ ಸಿಂಹಾಸನಕ್ಕೆ ಬಂದ ದಾರಿ ಒಬ್ಬ ಹೆಣ್ಣಿನ ಸಾವನ್ನು ಹಾದು ಬಂದಿದೆ. ಕನ್ನಡದ ಕಾವ್ಯ, ಪುರಾಣ, ಸಿನಿಮಾಗಳು ಆ ಹೆಣ್ಣನ್ನು ಏನು ಮಾಡಿದವು ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಿಂದ ಕೇಳುವುದಕ್ಕೆ ಕಾರಣವಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವಲಯ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಇಂದು ಅವು ತೆಲಂಗಾಣದಲ್ಲಿವೆ. ಆದರೂ ಜಹೀರಾಬಾದಿನಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಹುಮನಾಬಾದ್ ದಾಟಿದರೆ ಬಸವಕಲ್ಯಾಣ ಬಂದೇಬಿಡುತ್ತದೆ. ಹೈದರಾಬಾದಿಗಿಂತ ಕಲ್ಯಾಣವೇ ಹತ್ತಿರವಿರುವ ಊರುಗಳು ಇಲ್ಲಿ ಎಷ್ಟೋ. ಕನ್ನಡ, ತೆಲುಗು, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುವ ಈ ನೆಲದಲ್ಲಿ ಶರಣರ ಕಥೆ ಗಡಿ ದಾಟಬೇಕಾದ ಸರಕಾಗಿರಲಿಲ್ಲ. ಅದು ಎರಡೂ ನುಡಿಯಲ್ಲಿ ಮೊದಲೇ ಇತ್ತು. ಪಾಲ್ಕುರಿಕೆ ಸೋಮನಾಥ ಬಸವಣ್ಣನ ಪುರಾಣವನ್ನು ಮೊದಲು ಬರೆದದ್ದೇ ತೆಲುಗಿನಲ್ಲಿ. ಭೀಮಕವಿ ಅದನ್ನು ಕನ್ನಡಕ್ಕೆ ತಂದದ್ದು ಆಮೇಲೆ. ಅಲ್ಲಮನ ಕಥೆ ನಡೆದದ್ದು ಇದಕ್ಕೆ ತಿರುಗಾದ ದಾರಿಯಲ್ಲಿ. ಚಾಮರಸನ ‘ಪ್ರಭುಲಿಂಗಲೀಲೆ’ ಪಿಡುಪರ್ತಿ ಸೋಮನಾಥನ ಕೈಯಲ್ಲಿ ತೆಲುಗಿಗೂ ಶಿವಪ್ರಕಾಶ ಸ್ವಾಮಿಗಳ ಕೈಯಲ್ಲಿ ತಮಿಳಿಗೂ ಹೋಯಿತು. ಹಾಗೆ ಹೋದದ್ದು ಯಾವ ಅಲ್ಲಮ, ಯಾವ ಹೆಣ್ಣು ಎಂಬುದೇ ಇಲ್ಲಿ ಮುಖ್ಯ.

ಎರಡು ಪಠ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದು ಸುಮಾರು ಕ್ರಿ.ಶ. 1200ರ ಹೊತ್ತಿನ ಹರಿಹರನ ‘ಪ್ರಭುದೇವರ ರಗಳೆ’. ಅಲ್ಲಮ ತೀರಿಕೊಂಡು ಹೆಚ್ಚು ತಲೆಮಾರು ಕಳೆದಿರಲಿಲ್ಲ. ಇಲ್ಲಿ ಅಲ್ಲಮ ನಾಟ್ಯ ಕಲಿಸುವವನ ಮಗ, ಮದ್ದಳೆಯಲ್ಲಿ ಪಳಗಿದ ಕೈ. ಕಾಮಲತೆ ಎಂಬವಳನ್ನು ಮೆಚ್ಚುತ್ತಾನೆ, ಮದುವೆಯಾಗುತ್ತಾನೆ, ಅವಳಲ್ಲಿ ಮುಳುಗಿಹೋಗುತ್ತಾನೆ. ಅವಳಿಗೆ ಜ್ವರ ಬರುತ್ತದೆ. ಸಾಯುತ್ತಾಳೆ. ಅಷ್ಟೇ. ಶಾಪದಿಂದಲ್ಲ, ಪರೀಕ್ಷೆಗಾಗಿಯಲ್ಲ, ಜ್ವರದಿಂದ. ಆಮೇಲೆ ಅವನಿಗೆ ಮೈಮೇಲೆ ಎಚ್ಚರವಿಲ್ಲ. ಅವಳ ಹೆಸರು ಹಿಡಿದು ಕರೆಯುತ್ತ ಅಲೆದು, ಊರ ಹೊರಗಿನ ತೋಟವೊಂದರಲ್ಲಿ ಕುಳಿತು ಕಾಲ ಉಗುರಿನಿಂದ ನೆಲ ಕೆರೆಯುತ್ತಿರುತ್ತಾನೆ. ಆ ಕೆರೆತಕ್ಕೆ ಹೊನ್ನ ಕಳಸದ ತುದಿಯೊಂದು ಕಾಣುತ್ತದೆ. ಅಗೆಸಿದರೆ ಹೂತುಹೋದ ಗುಡಿ, ಒದ್ದರೆ ತೆರೆಯುವ ಬಾಗಿಲು, ಒಳಗೆ ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟು ಕುಳಿತ ಅನಿಮಿಷನೆಂಬ ಯೋಗಿ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ.

ಹರಿಹರನ ಇತರ ಶರಣರಂತೆ ಈ ಅಲ್ಲಮನೂ ಕೈಲಾಸದಿಂದ ಇಳಿದುಬಂದವನು ನಿಜ. ಆದರೆ ಆ ಚೌಕಟ್ಟು ಕಾಮಲತೆಯ ಸಾವಿನ ಭಾರವನ್ನು ಇಳಿಸುವುದಿಲ್ಲ. ನನ್ನ ಮಟ್ಟಿಗೆ ರಗಳೆಯ ಎದೆ ಇರುವುದು ಆ ಕಾಲುಗುರಿನಲ್ಲಿ. ಜ್ಞಾನವನ್ನು ಹುಡುಕಿಕೊಂಡು ಹೊರಟವನ ಕೆಲಸವಲ್ಲ ಅದು. ಹೆಂಡತಿಯನ್ನು ಕಳಕೊಂಡ ಗಂಡಸು ಏನೂ ತೋಚದೆ ಮಾಡುವ ಕೆಲಸ. ಅಲ್ಲಮನ ವಚನಗಳ ಗುಹೇಶ್ವರನೆಂಬ ಅಂಕಿತದ ಹಿಂದೆ ನೆಲದೊಳಗಿನ ಈ ಗುಡಿಯನ್ನು ಕಾಣುವುದಾದರೆ, ಆ ಗುಡಿಯ ಹಿಂದೆ ಕಾಮಲತೆಯನ್ನೂ ಕಾಣಬೇಕು.

ಎರಡನೆಯದು ಎರಡು ಶತಮಾನಗಳ ನಂತರ ಪ್ರೌಢದೇವರಾಯನ ಕಾಲದಲ್ಲಿ ಬಂದ ‘ಪ್ರಭುಲಿಂಗಲೀಲೆ’: 25 ಗತಿ, 1111 ಭಾಮಿನಿ ಷಟ್ಪದಿ. ಕಾವ್ಯವಾಗಿ ಅದು ಬಲು ಸೊಗಸು. ಆದರೆ ಇಲ್ಲಿ ಕಾಮಲತೆ ಇಲ್ಲ. ಅವಳ ಜಾಗಕ್ಕೆ ಬಂದವಳು ಮಾಯೆ, ಪಾರ್ವತಿಯ ತಾಮಸ ಕಳೆ, ಬನವಾಸಿಯ ಅರಸು ಮಮಕಾರನ ಮಗಳು. ಅಲ್ಲಮನನ್ನು ಗೆಲ್ಲಬೇಕೆಂದೇ ಅವಳನ್ನು ಭೂಮಿಗೆ ಕಳಿಸಲಾಗಿದೆ. ಮಧುಕೇಶ್ವರನ ಗುಡಿಯಲ್ಲಿ ಅವನು ಮದ್ದಳೆ ನುಡಿಸುತ್ತಾನೆ, ಅವಳು ಮರುಳಾಗುತ್ತಾಳೆ, ಅವನು ಕೈಗೆ ಸಿಗುವುದಿಲ್ಲ. ಪಾರ್ವತಿಯ ಸಾತ್ವಿಕ ಕಳೆ ಅಕ್ಕಮಹಾದೇವಿಯಾಗಿ ಹುಟ್ಟುತ್ತದೆ. ಹೀಗೆ ಒಬ್ಬ ಹೆಣ್ಣು ಎರಡು ಹೋಳಾಗುತ್ತಾಳೆ. ಆಸೆಯೆಲ್ಲ ಒಬ್ಬಳ ಪಾಲು, ವಿರಾಗವೆಲ್ಲ ಇನ್ನೊಬ್ಬಳ ಪಾಲು. ಸಂಸಾರ ಮಾಡಿ, ಕಾಯಿಲೆ ಬಿದ್ದು ಸತ್ತ ಒಬ್ಬಳಿಗೆ ಈ ಹಂಚಿಕೆಯಲ್ಲಿ ಎಡೆಯೇ ಉಳಿಯುವುದಿಲ್ಲ. ನಾಯಕನಿಗೆ ಸೋಂಕು ತಗುಲಬಾರದೆಂಬ ಭಕ್ತಿಯ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು.

ಈ ಬದಲಾವಣೆಗೆ ಅಲ್ಲಮನದೇ ಸಾಕ್ಷ್ಯ ಎದುರು ನಿಲ್ಲುತ್ತದೆ. ಅವನ ಬಹಳ ಪ್ರಸಿದ್ಧವಾದ ವಚನವೊಂದು ಹೊನ್ನನ್ನೂ ಹೆಣ್ಣನ್ನೂ ಮಣ್ಣನ್ನೂ ಮಾಯೆಯೆನ್ನುವ ಲೋಕದ ಮಾತನ್ನು ತಳ್ಳಿಹಾಕಿ, ದೋಷವನ್ನು ನೋಡುವವನ ಬಯಕೆಯ ಮೇಲೆಯೇ ಹೊರಿಸುತ್ತದೆ. ಹೆಣ್ಣನ್ನು ಮಾಯೆ ಎನ್ನಬೇಡಿ ಎಂದವನ ಚರಿತ್ರೆಯಲ್ಲೇ ಹೆಣ್ಣಿಗೆ ಮಾಯೆಯೆಂದು ಹೆಸರಿಟ್ಟದ್ದು ನಮ್ಮ ಪರಂಪರೆಯ ದೊಡ್ಡ ವೈರುಧ್ಯಗಳಲ್ಲೊಂದು. ಬೀದರ, ಕಲಬುರಗಿ ಸೀಮೆಯ ಮಠಗಳಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುತ್ತಾರೆ. ಷಟ್ಪದಿಯ ಓಟ ಅಂಥ ಓದಿಗೆ ಹೇಳಿಮಾಡಿಸಿದ್ದು. ರಗಳೆ ಹೆಚ್ಚಾಗಿ ವಿದ್ಯಾರ್ಥಿಯ ಮೇಜಿನ ಮೇಲೆ ಉಳಿಯಿತು. ಗಡಿಯಾಚೆಗೆ ತೆಲುಗಿಗೆ ದಾಟಿದವಳೂ ಮಾಯೆಯೇ.

ಇದು ಕನ್ನಡಕ್ಕಷ್ಟೇ ಅಂಟಿದ ಗುಣವೇ? ದೂರದ ಒಂದು ಉದಾಹರಣೆ ಇಲ್ಲಿ ನೆರವಾಗುತ್ತದೆ. ಬ್ರಿಟನ್ನಿನ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್‌ಗೆ 1977ರಲ್ಲಿ ಬಾಸ್ ಗಿಟಾರ್ ವಾದಕನಾಗಿ ಸೇರಿದ ಸಿಡ್ ವಿಷಸ್, ಅಮೆರಿಕದಿಂದ ಲಂಡನ್ನಿಗೆ ಬಂದ ನ್ಯಾನ್ಸಿ ಸ್ಪಂಜನ್ ಇಬ್ಬರೂ ಹೆರಾಯಿನ್ ಚಟಕ್ಕೆ ಬಿದ್ದವರು. 1978ರ ಜನವರಿಯಲ್ಲಿ ತಂಡ ಒಡೆಯಿತು. ಅದೇ ಅಕ್ಟೋಬರ್ 12ರಂದು ನ್ಯೂಯಾರ್ಕಿನ ಚೆಲ್ಸಿ ಹೋಟೆಲಿನ ಕೋಣೆಯಲ್ಲಿ ನ್ಯಾನ್ಸಿ ಹೊಟ್ಟೆಗೆ ಇರಿತವಾಗಿ ಸತ್ತು ಬಿದ್ದಿದ್ದಳು. ಅವಳಿಗೆ 20 ವರ್ಷ. ಕೊಲೆ ಆರೋಪ ಹೊತ್ತ ಸಿಡ್ ವಿಚಾರಣೆಗೆ ಮುಂಚೆಯೇ, 1979ರ ಫೆಬ್ರವರಿ 2ರಂದು, ಹೆರಾಯಿನ್ ಅತಿಯಾಗಿ ತೀರಿಕೊಂಡ, ಅವನಿಗೆ 21. ಸತ್ತವಳು ಅವಳಾದರೂ ಜನರ ಬಾಯಲ್ಲಿ ಹುಡುಗನನ್ನು ಹಾಳುಮಾಡಿದವಳು, ತಂಡ ಮುರಿದವಳು ಎಂದು ಹೆಸರು ಬಂದದ್ದೂ ಅವಳಿಗೇ. ಐನೂರು ವರ್ಷಗಳ ಅಂತರದಲ್ಲಿ, ಬೇರೊಂದು ಖಂಡದಲ್ಲಿ, ಮಾಯೆ ಮತ್ತೆ ಹುಟ್ಟಿದ್ದಳು.

ಅಲೆಕ್ಸ್ ಕಾಕ್ಸ್ 1986ರಲ್ಲಿ ಇವರ ಚಿತ್ರ ಮಾಡಿದಾಗ ಶೀರ್ಷಿಕೆಯಲ್ಲಿ ಇಬ್ಬರ ಹೆಸರನ್ನೂ ಇಟ್ಟ: ‘ಸಿಡ್ ಅಂಡ್ ನ್ಯಾನ್ಸಿ’. ಸಿಡ್ ಪಾತ್ರದ ಗ್ಯಾರಿ ಓಲ್ಡ್‌ಮನ್‌ನಷ್ಟೇ ಜಾಗ ನ್ಯಾನ್ಸಿ ಪಾತ್ರದ ಕ್ಲೋಯಿ ವೆಬ್‌ಗೂ ಸಿಕ್ಕಿತು. ಕೊನೆಯಲ್ಲಿ ಸತ್ತ ನ್ಯಾನ್ಸಿ ಟ್ಯಾಕ್ಸಿಯಲ್ಲಿ ಬಂದು ಸಿಡ್‌ನನ್ನು ಕರೆದೊಯ್ಯುತ್ತಾಳೆ. ತಂಡದ ಗಾಯಕ ಜಾನ್ ಲೈಡನ್ ಈ ಚಿತ್ರವನ್ನು ಕಟುವಾಗಿ ಖಂಡಿಸಿದ. ಟ್ಯಾಕ್ಸಿಯ ದೃಶ್ಯ ಚಟದ ಸಾವಿಗೆ ಮದುವೆಯ ಕಳೆ ಕೊಡುತ್ತದೆಂಬ ಅಳುಕು ನನಗೂ ಇದೆ. ಚಿತ್ರಕ್ಕಿಂತ ಮೂರು ವರ್ಷ ಮೊದಲೇ ನ್ಯಾನ್ಸಿಯ ತಾಯಿ ಡೆಬೊರಾ ಮಗಳ ಬಾಲ್ಯದಿಂದಲೇ ಕಾಡಿದ ಮಾನಸಿಕ ಯಾತನೆಯನ್ನು ಪುಸ್ತಕವಾಗಿ ಬರೆದಿದ್ದಳು. ಹೆಣ್ಣಿನ ಕಥೆಯನ್ನು ಅವಳ ಕಡೆಯಿಂದ ಹೇಳುವವರು ಒಬ್ಬರಾದರೂ ಇದ್ದರು. ಕಾಮಲತೆಗೆ ಆ ತಾಯಿ ಸಿಗಲಿಲ್ಲ, ಹರಿಹರನೊಬ್ಬ ಸಿಕ್ಕ.

ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು. ಸಿಡ್‌ಗೆ ವಾದ್ಯ ನೆಟ್ಟಗೆ ನುಡಿಸಲೂ ಬರುತ್ತಿರಲಿಲ್ಲ. ಅಲ್ಲಮನ ಕಥೆಯಲ್ಲಿ ಅವನ ಕೈಯ ಕಸುಬೇ ಎಲ್ಲಕ್ಕೂ ಮೊದಲು. ಒಬ್ಬ ದುಃಖದಲ್ಲಿ ಮುಗಿದುಹೋದ, ಇನ್ನೊಬ್ಬ ದುಃಖದಿಂದ ತೊಡಗಿದ.

ನಾಗಾಭರಣರ ಚಿತ್ರಕ್ಕೆ ಈ ಹಿನ್ನೆಲೆಯಲ್ಲಿ ಬರೋಣ. 1990ರಲ್ಲೇ ‘ಸಂತ ಶಿಶುನಾಳ ಶರೀಫ’ ಮಾಡಿದ ಅವರಿಗೆ ಹಾಡುವ ಸಂತನನ್ನು ತೆರೆಗೆ ತರುವುದು ಹೊಸತಾಗಿರಲಿಲ್ಲ. ಧನಂಜಯ ಅಲ್ಲಮನಾದರು, ಮೇಘನಾ ರಾಜ್ ಅವರ ಪಾತ್ರ ಚಾಮರಸನ ಕಡೆಯಿಂದ ಬಂದ ಮಾಯೆಯದು. ಚಿತ್ರ ದೊಡ್ಡದಾಗಿ ಗೆದ್ದದ್ದು ನಾದದಲ್ಲಿ. 64ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಹಾಡುಗಳ ಸಂಗೀತ, ಹಿನ್ನೆಲೆ ಸಂಗೀತ ಎರಡಕ್ಕೂ ಬಾಪು ಪದ್ಮನಾಭ ಪ್ರಶಸ್ತಿ ಪಡೆದರು; ಪ್ರಸಾಧನಕ್ಕೆ ಎನ್.ಕೆ. ರಾಮಕೃಷ್ಣ ಪಡೆದರು. ಅಲ್ಲಮನನ್ನು ಕಿವಿಯಿಂದ ಹಿಡಿಯಬೇಕೆಂಬ ತಿಳಿವಳಿಕೆ ಸರಿಯಾದದ್ದೇ. ಆದರೆ ಜೀವನಾಧಾರಿತ ಚಿತ್ರವೊಂದು ಪುರಾಣದ ಮಾಯೆಯನ್ನು ಆರಿಸಿಕೊಂಡಾಗ ಜೀವನದ ಭಾಗವೇ ಹೊರಗುಳಿಯುತ್ತದೆ. ರೂಪಕಕ್ಕೆ ಜ್ವರ ಬರುವುದಿಲ್ಲ. ಅದರ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಲಾಗದು, ಅದರ ಹೆಸರು ಹಿಡಿದು ತೋಟದಲ್ಲಿ ಕೂಗಲಾಗದು.

ಈ ಕಥೆಯನ್ನು ಮತ್ತೆ ತೆರೆಗೆ ತರುವವರು ರಗಳೆಯನ್ನು ಎದುರಿಗಿಟ್ಟುಕೊಂಡು ಕೂರಲಿ ಎಂಬುದು ನನ್ನ ಬೇಡಿಕೆ. ತೆಲುಗೂ ಕನ್ನಡವೂ ಬಲ್ಲ ಜಹೀರಾಬಾದ್, ತಾಂಡೂರುಗಳ ಓದುಗರು ಹರಿಹರನ ಆ ಭಾಗವನ್ನಾದರೂ ತೆಲುಗಿಗೆ ತಂದರೆ, ಪಿಡುಪರ್ತಿ ಸೋಮನಾಥನ ಮಾಯೆಯ ಪಕ್ಕದಲ್ಲಿ ಕಾಮಲತೆಗೂ ಒಂದು ಜಾಗವಾಗುತ್ತದೆ.